ತೂಕ ಇಳಿಸುವ ಇಂಜೆಕ್ಷನ್: ಚುಚ್ಚಿಸಿಕೊಳ್ಳುವ ಮೊದಲು, ಚುಚ್ಚಿಸಿಕೊಂಡ ಮೇಲೆ

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯಕ್ಕೆಲ್ಲ ಸುದ್ದಿಯಾದವು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು. ಅದೇ ವರ್ಷ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ತೂಕ ಇಳಿಸುವ ಇಂಜೆಕ್ಷನ್ನುಗಳು ಭಾರತದ ಮಾರುಕಟ್ಟೆಗೆ ಬಂದಿದ್ದವು. ಭಯವೂ ಮದ್ದೂ ಒಟ್ಟಿಗೆ ಬಂದರೆ ಅವಸರ ಹುಟ್ಟುತ್ತದೆ. ಅರಸೀಕೆರೆ ತಾಲ್ಲೂಕಿನ ಗಂಡಸಿಯಂಥ ಹೋಬಳಿ ಊರಿನವರು ತಜ್ಞ ವೈದ್ಯರನ್ನು ಕಾಣಲು ಹಾಸನಕ್ಕೋ ಬೆಂಗಳೂರಿಗೋ ಬಸ್ಸು ಹತ್ತಬೇಕು. ಅಗ್ಗದ ಇಂಜೆಕ್ಷನ್ನಿನ ಜಾಹೀರಾತಾದರೆ ಕೂತಲ್ಲೇ ಮೊಬೈಲಿಗೆ ಬರುತ್ತದೆ. ಆ ಅವಸರಕ್ಕೆ ತಡೆ ಹಾಕಲು ಈ ಸೂತ್ರಗಳು.

1. ಮೊದಲು ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಆದರೆ ಎಚ್ಚರ ಬೇಕಾದವರಿಗೆಲ್ಲ ಇಂಜೆಕ್ಷನ್ ಬೇಕಿಲ್ಲ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 30 ಅಥವಾ ಹೆಚ್ಚು ಇದ್ದವರಿಗೆ, ಇಲ್ಲವೇ 27 ಅಥವಾ ಹೆಚ್ಚಿದ್ದು ಜೊತೆಗೆ ಬಿಪಿ, ಶುಗರ್‌ನಂಥ ತೊಂದರೆ ಇದ್ದವರಿಗೆ ಎಂದು ಈ ಔಷಧಗಳಿಗೆ ಅನುಮತಿ ಸಿಕ್ಕಿದೆ. ಮಗಳ ಮದುವೆಗೆ ಮುಂಚೆ ನಾಲ್ಕು ಕೆ.ಜಿ. ಇಳಿಸಲು ಇದು ಮದ್ದಲ್ಲ.

2. ಬ್ರ್ಯಾಂಡ್ ಬಿಟ್ಟು ಔಷಧದ ಹೆಸರು ಓದಿ. ವೆಗೋವಿ, ಓಝೆಂಪಿಕ್ ಎರಡರಲ್ಲೂ ಇರುವುದು ಸೆಮಾಗ್ಲುಟೈಡ್. ಮೌಂಜಾರೊದಲ್ಲಿ ಇರುವುದು ಟಿರ್ಜೆಪಟೈಡ್. 2025ರಲ್ಲಿ ಪ್ರಕಟವಾದ ಸರ್ಮೌಂಟ್-5 ಅಧ್ಯಯನ ಎರಡನ್ನೂ ಎದುರುಬದುರು ಇಟ್ಟು ನೋಡಿತು. 72 ವಾರಗಳಲ್ಲಿ ಟಿರ್ಜೆಪಟೈಡ್ ಪಡೆದವರ ತೂಕ ಸರಾಸರಿ ಶೇ. 20.2, ಸೆಮಾಗ್ಲುಟೈಡ್ ಪಡೆದವರದು ಶೇ. 13.7 ಇಳಿದಿತ್ತು. ಹಾಗೆಂದು ಟಿರ್ಜೆಪಟೈಡೇ ಎಲ್ಲರಿಗೂ ಮೇಲು ಎನ್ನುವಂತಿಲ್ಲ. ಹೃದ್ರೋಗ ಇದ್ದ 17,604 ಜನರ ಮೇಲೆ ನಡೆದ ಸೆಲೆಕ್ಟ್ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟಾರೆ ಶೇ. 20ರಷ್ಟು ತಗ್ಗಿದ್ದು ಸೆಮಾಗ್ಲುಟೈಡ್‌ನಿಂದ. ಹೃದಯದ ಚಿಂತೆಯಿಂದ ಹೊರಟವರು ಈ ಮಾತನ್ನು ವೈದ್ಯರ ಮುಂದೆ ಎತ್ತಲೇಬೇಕು.

3. ಬೆರೆಸಿ ಕೊಟ್ಟ ವಯಲ್‌ನ ಹಿನ್ನೆಲೆ ತಿಳಿಯಿರಿ. ಅಮೆರಿಕದಲ್ಲಿ ಈ ಔಷಧಗಳಿಗೆ ಕೊರತೆ ಬಿದ್ದಾಗ, ಅಲ್ಲಿನ ಕೆಲವು ಫಾರ್ಮಸಿಗಳು ತಾವೇ ಬೆರೆಸಿ ಮಾರಿದವು. ಇಂಥ ‘ಕಾಂಪೌಂಡೆಡ್’ ಔಷಧವನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಪರೀಕ್ಷಿಸಿ ಒಪ್ಪಿರುವುದಿಲ್ಲ. ಟಿರ್ಜೆಪಟೈಡ್ ಕೊರತೆ 2024ರ ಡಿಸೆಂಬರ್‌ನಲ್ಲಿ, ಸೆಮಾಗ್ಲುಟೈಡ್ ಕೊರತೆ 2025ರ ಫೆಬ್ರುವರಿಯಲ್ಲಿ ತೀರಿತೆಂದು ಎಫ್‌ಡಿಎ ಹೇಳಿತು. ಕೊರತೆಯ ಹೆಸರಿನಲ್ಲಿ ಸಿಕ್ಕಿದ್ದ ವಿನಾಯಿತಿಯೂ ಅಲ್ಲಿಗೆ ಮುಗಿಯಿತು. ಅಮೆರಿಕದಲ್ಲಿರುವ ಮಗನೋ ಸೊಸೆಯೋ ಊರಿಗೆ ಬರುವಾಗ ಪ್ರೀತಿಯಿಂದ ಇಂಥ ವಯಲ್ ತಂದರೆ ಪ್ರೀತಿಯನ್ನಷ್ಟೇ ತೆಗೆದುಕೊಳ್ಳಿ. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಅಂಟಿಸಿ ಆನ್‌ಲೈನಿನಲ್ಲಿ ಮಾರುವ ಪುಡಿಯನ್ನಂತೂ ಮುಟ್ಟಬೇಡಿ.

4. ಯೂನಿಟ್ ಕೇಳಬೇಡಿ, ಮಿಲಿಗ್ರಾಂ ಕೇಳಿ. ಅತಿ ಹೆಚ್ಚು ಅಪಾಯ ಇರುವುದು ಇಲ್ಲೇ. ಯು-100 ಗುರುತಿನ ಇನ್ಸುಲಿನ್ ಸಿರಿಂಜಿನ 100 ಯೂನಿಟ್ ಎಂದರೆ 1 ಮಿ.ಲೀ. ದ್ರವ, ಅಷ್ಟೆ. ಅದರಲ್ಲಿ ಔಷಧ ಎಷ್ಟಿದೆ ಎಂದು ಸಿರಿಂಜು ಹೇಳುವುದಿಲ್ಲ. 1 ಮಿ.ಲೀ.ಗೆ 2.5 ಮಿ.ಗ್ರಾಂ ಇರುವ ವಯಲ್‌ನಿಂದ 10 ಯೂನಿಟ್ ಎಳೆದರೆ 0.25 ಮಿ.ಗ್ರಾಂ, 5 ಮಿ.ಗ್ರಾಂ ಇರುವುದರಿಂದ ಎಳೆದರೆ 0.5 ಮಿ.ಗ್ರಾಂ. ಗೆರೆ ಒಂದೇ, ಡೋಸು ಇಮ್ಮಡಿ. ಬೆರೆಸಿದ ಸೆಮಾಗ್ಲುಟೈಡ್‌ನಲ್ಲಿ ಹೀಗೆ ಲೆಕ್ಕ ತಪ್ಪಿ ಹಲವು ಪಟ್ಟು ಹೆಚ್ಚು ಚುಚ್ಚಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆಂದು ಎಫ್‌ಡಿಎ 2024ರಲ್ಲಿ ಎಚ್ಚರಿಸಿತು. ‘ನಾನು ಇಪ್ಪತ್ತು ತಗೋತೀನಿ, ನೀನೂ ಅಷ್ಟೇ ತಗೋ’ ಎಂಬ ನೆಂಟರ ಸಲಹೆ ಕಿವಿಗೆ ಬಿದ್ದರೆ ಅಲ್ಲೇ ಬಿಡಿ.

5. ತಿಂಗಳ ಬೆಲೆಯಲ್ಲ, ವರ್ಷಗಳ ಬೆಲೆ ಕೂಡಿ. ಭಾರತದಲ್ಲಿ ಸೆಮಾಗ್ಲುಟೈಡ್ ಪೇಟೆಂಟ್‌ನ ಗಡುವು 2026ರ ಮಾರ್ಚ್. ಪೇಟೆಂಟ್ ಮುಗಿದ ಮೇಲೆ ಲೈಸೆನ್ಸ್ ಇರುವ ಕಂಪನಿಗಳ ಅಗ್ಗದ ಜೆನೆರಿಕ್‌ಗೆ ದಾರಿ ತೆರೆಯುತ್ತದೆ. ಅದಕ್ಕೂ ಬೆರೆಸಿದ ಔಷಧಕ್ಕೂ ಅಜಗಜಾಂತರ. ಬೇಕಾದ್ದು ವೈದ್ಯರ ಚೀಟಿ, ಮೆಡಿಕಲ್ ಸ್ಟೋರಿನ ಬಿಲ್ಲು, ಬ್ಯಾಚ್ ನಂಬರ್ ಮೂರೂ ಇರುವ ಔಷಧ. ಬಿಡುವ ದಿನದ ಲೆಕ್ಕವೂ ಈಗಲೇ ಇರಲಿ: ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿ ಬಂದದ್ದು ಸ್ಟೆಪ್-1 ಅಧ್ಯಯನದ ಮುಂದುವರಿಕೆಯಲ್ಲಿ ಕಂಡಿತು. ಮೂರು ತಿಂಗಳಿಗಾಗುವಷ್ಟೇ ಕೊಬ್ಬರಿ ದುಡ್ಡು ಇಟ್ಟುಕೊಂಡು ಶುರು ಮಾಡಬೇಡಿ.

6. ತಂಪು ಕಾಯಿರಿ. 2ರಿಂದ 8 ಡಿಗ್ರಿ, ಅಂದರೆ ಫ್ರಿಜ್ಜಿನ ನಡುವಿನ ಹಲಗೆ. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದರೆ ಎಸೆಯಬೇಕು. ಹಾಸನದಿಂದ ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕ್ ಕೇಳಿ ಪಡೆಯಿರಿ, ಇಂಜೆಕ್ಷನ್ ಪೆನ್ನಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ.

7. ಡೋಸು ಏರಿಸಲು ಆತುರ ಬೇಡ. ಸೆಮಾಗ್ಲುಟೈಡ್ ವಾರಕ್ಕೆ 0.25 ಮಿ.ಗ್ರಾಂನಿಂದ, ಟಿರ್ಜೆಪಟೈಡ್ 2.5ರಿಂದ ಶುರುವಾಗಿ ನಾಲ್ಕು ವಾರ ಅಲ್ಲೇ ನಿಲ್ಲುತ್ತದೆ. ಹೊಟ್ಟೆ ಖಾಲಿಯಾಗುವುದೇ ನಿಧಾನವಾಗುವುದರಿಂದ ವಾಕರಿಕೆ, ವಾಂತಿ, ಮಲಬದ್ಧತೆ ಬರುತ್ತವೆ. ಬೀಗರೂಟಕ್ಕೆ ಹೋದರೂ ಅರ್ಧ ಮುದ್ದೆಗೆ ಏಳಿ, ಎಣ್ಣೆಯಲ್ಲಿ ಕರಿದದ್ದು ಬಿಡಿ. ವಾಂತಿ, ಭೇದಿ ಹಿಡಿದರೆ ಓಆರ್‌ಎಸ್ ಕುಡಿಯಿರಿ. ನೀರಿನಂಶ ಬತ್ತಿದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ.

8. ಸ್ನಾಯು ಉಳಿಸಿಕೊಳ್ಳಿ. ದೀರ್ಘಕಾಲದ ನಷ್ಟಗಳಲ್ಲಿ ಜನ ಗಮನಿಸದೇ ಹೋಗುವುದು ಇದನ್ನೇ. ಇಳಿಯುವುದು ಬರಿಯ ಕೊಬ್ಬಲ್ಲ. ಅಧ್ಯಯನಗಳಲ್ಲಿ ಇಳಿದ ತೂಕದ ಕಾಲು ಭಾಗದಿಂದ ಶೇ. 40ರವರೆಗೆ ಸ್ನಾಯು ಮೊದಲಾದ ಕೊಬ್ಬಲ್ಲದ ಅಂಶವಿತ್ತು. ಅರವತ್ತು ದಾಟಿದವರು ಹೀಗೆ ಸೊರಗಿದರೆ ಬಚ್ಚಲಲ್ಲಿ ಜಾರಿ ಬಿದ್ದಾಗ ಗೊತ್ತಾಗುತ್ತದೆ. ಹಸಿವಿಲ್ಲವೆಂದು ಬರೀ ಮಜ್ಜಿಗೆ ಕುಡಿದು ಮಲಗುವುದು ತಪ್ಪು. ತಟ್ಟೆಯಲ್ಲಿ ಮೊದಲು ಹುರುಳಿಕಾಳು, ಅವರೆಕಾಳು, ಮೊಟ್ಟೆ ಮುಗಿಯಲಿ, ಮುದ್ದೆ, ಅನ್ನ ಆಮೇಲೆ. ನಡಿಗೆ ಒಳ್ಳೆಯದು, ಆದರೆ ಸಾಲದು. ಕುರ್ಚಿಯಿಂದ ಕೈಯೂರದೆ ಏಳುವುದು, ಭಾರ ಎತ್ತುವುದು ವಾರಕ್ಕೆ ಎರಡು ಮೂರು ದಿನವಾದರೂ ನಡೆಯಲಿ.

9. ಎಲ್ಲ ವೈದ್ಯರಿಗೂ ಹೇಳಿ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಶುಗರ್ ತೀರಾ ಇಳಿಯಬಹುದು. ಶುಗರ್ ಇರುವವರು ಶುರು ಮಾಡುವ ಮೊದಲೇ ಕಣ್ಣಿನ ಪರದೆಯ (ರೆಟಿನಾ) ತಪಾಸಣೆ ಮಾಡಿಸಿಕೊಳ್ಳಿ. ಆಪರೇಷನ್ ಇದ್ದರೆ ಅರಿವಳಿಕೆ ಕೊಡುವವರಿಗೆ ತಿಳಿಸಿ. ಗರ್ಭಧಾರಣೆಗೆ ಎರಡು ತಿಂಗಳ ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ನಿಮಗೋ ರಕ್ತಸಂಬಂಧಿಗಳಿಗೋ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಈ ಔಷಧವೇ ಬೇಡ.

10. ಕಾಯಬಾರದ ಲಕ್ಷಣಗಳು: ಬೆನ್ನಿಗೆ ಹರಡುವ, ಬಿಡದ ಹೊಟ್ಟೆನೋವು ಮೇದೋಜೀರಕ ಗ್ರಂಥಿಯ ಉರಿಯೂತ ಇರಬಹುದು. ಬಲಪಕ್ಕೆಯ ನೋವು, ಹಳದಿ ಕಣ್ಣು ಪಿತ್ತಕೋಶದ ಕಲ್ಲಿನ ಸೂಚನೆ ಇರಬಹುದು. ದಿಢೀರನೆ ದೃಷ್ಟಿ ಮಂಕಾಗುವುದು ಬಲು ಅಪರೂಪ, ಬಂದರೆ ಅದೂ ತುರ್ತು. ರಾತ್ರಿಯಾದರೂ ಹೊರಡಿ, ಅರಸೀಕೆರೆ ತಾಲ್ಲೂಕು ಆಸ್ಪತ್ರೆಗೋ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೋ. ವಯಲ್ ಅಥವಾ ಪೆನ್ನು ಜೊತೆಗಿರಲಿ. ಅಡ್ಡಪರಿಣಾಮವನ್ನು ಕೇಂದ್ರ ಸರ್ಕಾರದ ಔಷಧ ಸುರಕ್ಷತಾ ಸಹಾಯವಾಣಿ 1800-180-3024ಕ್ಕೆ ನೀವೇ ತಿಳಿಸಬಹುದು, ಕರೆ ಉಚಿತ.