ಮೂರು ನಿಮಿಷಕ್ಕೆ 75 ಡಾಲರ್

ಟೆಲಿಫೋನ್ ಅಂದರೆ ತಂತಿ ಅಂತಲೇ ನಾನು ತಿಳಿದಿದ್ದೆ. ಆದರೆ ಅಟ್ಲಾಂಟಿಕ್ ಸಾಗರವನ್ನು ಮನುಷ್ಯನ ಮಾತು ಮೊದಲು ದಾಟಿದ್ದು ರೇಡಿಯೋ ಅಲೆಗಳ ಮೇಲೆ. ಸಮುದ್ರದ ತಳದಲ್ಲಿ ಕೇಬಲ್ ಹಿಂದಿನ ಶತಮಾನದಿಂದಲೇ ಇತ್ತು, ನಿಜ. ಅದರಲ್ಲಿ ಟೆಲಿಗ್ರಾಂ ಹೋಗುತ್ತಿತ್ತೇ ಹೊರತು ಮಾತು ಹೋಗುತ್ತಿರಲಿಲ್ಲ.

1915ರಲ್ಲಿ ಅಮೆರಿಕದ ಆರ್ಲಿಂಗ್‌ಟನ್‌ನಲ್ಲಿ ಆಡಿದ ಮಾತು ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ ಕೇಳಿಸಿತು. ಅದು ಒಂದೇ ಕಡೆಯ ಮಾತು, ಉತ್ತರ ಇಲ್ಲ. 1927ರ ಜನವರಿ 7ರಂದು ನ್ಯೂಯಾರ್ಕ್–ಲಂಡನ್ ಸೇವೆ ಸಾರ್ವಜನಿಕರಿಗೆ ತೆರೆಯಿತು. ಲಂಡನ್ನಿನ ಮಾತು ತಂತಿಯಲ್ಲಿ ರಗ್ಬಿ ಕೇಂದ್ರಕ್ಕೆ ಹೋಗಿ, ಅಲ್ಲಿಂದ ದೀರ್ಘ ಅಲೆಯ ಮೇಲೆ ಸಾಗರ ದಾಟಿ, ಅಮೆರಿಕದ ತೀರ ಸೇರಿ, ಮತ್ತೆ ತಂತಿ ಹಿಡಿಯುತ್ತಿತ್ತು. ಎರಡೂ ಕಡೆಗೆ ಅಲೆ ಒಂದೇ. ಆದ್ದರಿಂದ ಒಬ್ಬ ಬಾಯಿ ತೆರೆದ ಕೂಡಲೇ ಇನ್ನೊಬ್ಬನ ದಾರಿಯನ್ನು ಯಂತ್ರವೇ ಮುಚ್ಚುತ್ತಿತ್ತು. ಇಲ್ಲದಿದ್ದರೆ ಹೋದ ಧ್ವನಿ ಸುತ್ತಿ ಬಂದು ಕಿರುಚತೊಡಗುತ್ತಿತ್ತು.

ಮೂರು ನಿಮಿಷಕ್ಕೆ 75 ಡಾಲರ್! ಮೊದಲು ನನಗಿದು ಲೂಟಿ ಅನ್ನಿಸಿತು. ಆಮೇಲೆ ಕಾಮರ್ಸ್ ಹುಡುಗನ ಬುದ್ಧಿಯಿಂದ ಲೆಕ್ಕ ಹಾಕಿದೆ. ಎರಡು ಖಂಡಗಳಲ್ಲೂ ದೈತ್ಯ ಕೇಂದ್ರಗಳು, ಆದರೆ ಒಂದು ಸಲಕ್ಕೆ ಒಂದೇ ಸಂಭಾಷಣೆ. ಅಷ್ಟೂ ಸ್ಥಿರ ವೆಚ್ಚ ಆ ಒಬ್ಬನ ತಲೆಯ ಮೇಲೆ! ಸಾಮಾನ್ಯರು ಕ್ಷೇಮ ಸಮಾಚಾರಕ್ಕೆ ಕಾಗದವನ್ನೇ ನಂಬಬೇಕಾಯಿತು.

1928ರಲ್ಲಿ ದರ 45 ಡಾಲರಿಗೆ ಇಳಿಯಿತು. ಹ್ರಸ್ವ ಅಲೆಯ ಮಾರ್ಗಗಳೂ ಸೇರಿದವು. 1933ರಲ್ಲಿ ಭಾರತ–ಇಂಗ್ಲೆಂಡ್ ಸೇವೆಯೂ ಬಂತು. 1956ರಲ್ಲಿ ಅಟ್ಲಾಂಟಿಕ್ ತಳದ ಮೊದಲ ಟೆಲಿಫೋನ್ ಕೇಬಲ್ ಒಟ್ಟಿಗೇ 36 ಮಾರ್ಗಗಳನ್ನು ತೆರೆಯಿತು. ಮಾತು ದಾಟಿಸುವ ವಿದ್ಯೆ 1927ರಲ್ಲೇ ಕೈಗೆ ಬಂದಿತ್ತು. ಅದರ ಖರ್ಚನ್ನು ಹಂಚಿಕೊಳ್ಳುವ ದಾರಿಗೆ ಇನ್ನೂ ಸುಮಾರು ಮೂವತ್ತು ವರ್ಷ ಹಿಡಿಯಿತು.