ಗುಣಾಕಾರ ಎಐಗೆ, ಡೋಸ್ ನಿಮಗೆ

ಡೋಸ್ ಲೆಕ್ಕವನ್ನು ಎಐ ಸಹಾಯಕನಿಗೆ ಬಿಡಬಹುದೇ ಎಂದು ಕೇಳಿದ್ದೀರಿ ಡಾಕ್ಟರೇ. ಗುಣಾಕಾರ ಮಾಡಿಸಿ, ಡೋಸ್ ಕೇಳಬೇಡಿ. ಕಿಲೋಗೆ ಎಷ್ಟು ಮಿಲಿಗ್ರಾಂ ಎಂಬುದನ್ನು ಲೇಬಲ್ಲೋ ಫಾರ್ಮ್ಯುಲರಿಯೋ ನೋಡಿ ನೀವೇ ಕೊಡಿ. ಕ್ಸೈಲಜಿನ್ ಕುದುರೆಗೆ ಬೇಕಾದುದರ ಸುಮಾರು ಹತ್ತನೇ ಒಂದು ಪಾಲು ದನಕ್ಕೆ ಸಾಕು. ಮೇಲಾಗಿ ಅದರ ಸಾಂದ್ರತೆ ಮಿಲಿಲೀಟರಿಗೆ 20 ಮಿಲಿಗ್ರಾಂ ಇರಬಹುದು, 100 ಇರಬಹುದು. ಯಾವ ಪ್ರಾಣಿ, ಯಾವ ಬಾಟಲಿ ಎಂದು ಹೇಳದೆ ಕೇಳಿದರೂ ಎಐ ತಡವರಿಸದೆ ಉತ್ತರಿಸಬಹುದು. ನನಗೆ ಭಯ ಅಲ್ಲೇ.

ಬಂದ ಉತ್ತರವನ್ನು ಬಾಯಿಲೆಕ್ಕದಲ್ಲಿ ಒರೆಗೆ ಹಚ್ಚಿ. 300 ಕಿಲೋ ಹಸುವಿಗೆ ಕಿಲೋಗೆ 0.2 ಮಿಲಿಗ್ರಾಂನಂತೆ ಐವರ್‌ಮೆಕ್ಟಿನ್ 60 ಮಿಲಿಗ್ರಾಂ. ಶೇ 1ರ ಇಂಜೆಕ್ಷನ್ನಾದರೆ 6 ಮಿಲಿಲೀಟರ್. ಪರದೆಯ ಮೇಲೆ 60 ಮಿಲಿಲೀಟರ್ ಕಂಡರೆ ದಶಮಾಂಶ ಜಾರಿದೆ. ಆ 300 ಕಿಲೋ ನಿಜವೇ? ಕೊಟ್ಟಿಗೆಯಲ್ಲಿ ತೂಕದ ಯಂತ್ರ ಎಲ್ಲಿರುತ್ತದೆ! ಎದೆಸುತ್ತಳತೆಯ ಟೇಪ್ ಜೇಬಿನಲ್ಲಿರಲಿ.

ಇನ್ನೊಂದು ಮಾತು. ವಿದೇಶಿ ಪುಸ್ತಕಗಳನ್ನೇ ಹೆಚ್ಚು ಓದಿಕೊಂಡ ಎಐ ಹಸುವಿನ ನೋವಿಗೆ ಕೀಟೋಪ್ರೊಫೆನ್ ಎಂದೀತು. ರಣಹದ್ದುಗಳನ್ನು ಉಳಿಸಲು ಭಾರತದಲ್ಲಿ ಅದರ ಪಶುಬಳಕೆಯನ್ನು 2023ರಲ್ಲಿ ನಿಷೇಧಿಸಲಾಗಿದೆ. ಡೈಕ್ಲೋಫೆನಾಕ್ ಅದಕ್ಕೂ ಮೊದಲೇ ಹೋಗಿತ್ತು. ಮೆಲೋಕ್ಸಿಕ್ಯಾಮ್ ಬಳಸಿ.