ಮಿದುಳಿನ ಕಿರುನಾಳಗಳು ಮತ್ತು ಮೊದಲ ಕೆಲವು ಗಂಟೆಗಳು



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಓದುವಾಗ ‘ಪಾರ್ಶ್ವವಾಯು’ ಎಂಬ ಪದ ಮತ್ತೆ ಮತ್ತೆ ಕಾಣುತ್ತದೆ. ನಾನು ಕಾಮರ್ಸ್ ಓದಿ ಬ್ಯಾಂಕಿನಲ್ಲಿ ದುಡಿದವನು, ವೈದ್ಯನಲ್ಲ. ಆದರೂ ಈ ಕಾಯಿಲೆಯಲ್ಲಿ ವೈದ್ಯರು ಮೊದಲು ‘ಯಾವಾಗ ಶುರುವಾಯಿತು?’ ಎಂದೇ ಏಕೆ ಕೇಳುತ್ತಾರೆಂದು ತಿಳಿಯುವ ಆಸೆಯಿಂದ ಓದಿದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ. 2 ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ದಿನದ ಖರ್ಚು ದೊಡ್ಡದು, ಉಳಿತಾಯ ಖಾತೆ ಬಹುತೇಕ ಖಾಲಿ. ಆದ್ದರಿಂದ ಮಿದುಳಿನ ಯಾವ ಭಾಗ ಕೆಲಸದಲ್ಲಿದೆಯೋ ಆ ಭಾಗಕ್ಕೆ ಆಗಿಂದಾಗಲೇ ಹೆಚ್ಚು ರಕ್ತ ಹರಿಯಬೇಕು. ಕೇಂಬ್ರಿಜ್‌ನ ರಾಯ್ ಮತ್ತು ಶೆರಿಂಗ್ಟನ್ 1890ರಲ್ಲೇ ಹೀಗೆಂದು ಪ್ರತಿಪಾದಿಸಿದ್ದರು.

ಈ ಹಂಚಿಕೆ ದೊಡ್ಡ ನಾಳಗಳದ್ದಷ್ಟೇ ಅಲ್ಲ. ಕೆಂಪು ರಕ್ತಕಣ ಮೈ ಮಡಚಿ ತೂರಬೇಕಾದಷ್ಟು ಕಿರಿದಾದ ಲೋಮನಾಳಗಳಿವೆ. ಅವುಗಳನ್ನು ‘ಪೆರಿಸೈಟ್’ ಎಂಬ ಜೀವಕೋಶಗಳು ಹೊರಗಿನಿಂದ ತಬ್ಬಿಕೊಂಡಿರುತ್ತವೆ. ನರಕೋಶಗಳು ಚುರುಕಾದಾಗ ಇವು ಸಡಿಲಗೊಂಡು ನಾಳ ಹಿಗ್ಗುತ್ತದೆ. ಇವು ಬಿಗಿದರೆ ನಾಳ ಕುಗ್ಗುತ್ತದೆ. ರಕ್ತ ನಿಂತುಹೋದರೆ ಏನಾಗುತ್ತದೆ? ಲಂಡನ್ನಿನ ಡೇವಿಡ್ ಅಟ್‌ವೆಲ್ ಅವರ ತಂಡ ಇಲಿಗಳ ಮೇಲೆ ಪ್ರಯೋಗ ನಡೆಸಿ 2014ರಲ್ಲಿ ಉತ್ತರ ಕೊಟ್ಟಿತು: ಪೆರಿಸೈಟ್‌ಗಳು ಬಿಗಿದುಕೊಂಡು, ಆ ಬಿಗಿತದಲ್ಲೇ ಸಾಯುತ್ತವೆ. ಆಮೇಲೆ ದೊಡ್ಡ ನಾಳದ ಹೆಪ್ಪು ಕರಗಿದರೂ ಕಿರುನಾಳಗಳು ತೆರೆಯದಿರಬಹುದು. ಬೀದಿಯ ಪೈಪು ರಿಪೇರಿಯಾದರೂ ಬಿಲ್ಡಿಂಗಿನ ವಾಲ್ವ್ ತುಕ್ಕು ಹಿಡಿದು ಕೂತಂತೆ!

ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಏಕೆಂದರೆ ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೆ ಆ ಇಂಜೆಕ್ಷನ್ ಅಪಾಯಕಾರಿ. ನಾಲ್ಕೂವರೆ ಗಂಟೆ ಎಂಬುದು ಸಾಲದ ಗ್ರೇಸ್ ಪೀರಿಯಡ್ ಅಲ್ಲ. ಪ್ರತಿ ನಿಮಿಷವೂ ನಷ್ಟವೇ.

ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ಫ್ಯಾಮಿಲಿ ಡಾಕ್ಟರರ ಸಂಜೆಯ ಕ್ಲಿನಿಕ್ಕಿಗೆ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ. ಡೊಂಬಿವಲಿ, ವಿರಾರ್ ಕಡೆಯವರು ಪರೇಲಿನ ಕೆ.ಇ.ಎಂ. ಆಸ್ಪತ್ರೆಯೇ ಬೇಕೆಂದು ಟ್ರಾಫಿಕ್‌ನಲ್ಲಿ ಸಿಲುಕುವ ಬದಲು, ಹತ್ತಿರದಲ್ಲಿ ಹಗಲು ರಾತ್ರಿ ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಸಿಗುವ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿಡಿ. ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಏರಿದ ರಕ್ತದೊತ್ತಡ ಈ ಕಿರುನಾಳಗಳನ್ನೇ ಕೆಡಿಸುತ್ತದೆ.

ದುಡಿಯುವ ಕೈಯೇ ಸೋತ ಮನೆಯಲ್ಲಿ ‘ಹಣ ಎಲ್ಲಿಂದ?’ ಎಂಬ ಯೋಚನೆಯಲ್ಲೇ ಹೊತ್ತು ಕಳೆಯುತ್ತದೆ. ಮುಂದೆ ತಿಂಗಳುಗಟ್ಟಲೆ ಫಿಸಿಯೋಥೆರಪಿಯ ಖರ್ಚು ಬೇರೆ. ತಾವು ನಿಧಿಗೆ ಕೊಡುವ ಪ್ರತಿ ರೂಪಾಯಿ ಅಂಥ ಮನೆಗೆ ಸಮಯವನ್ನೇ ಕೊಟ್ಟಂತೆ. ಎಂದಿನಂತೆ ಈ ಬಾರಿಯೂ ಉದಾರವಾಗಿ ನೆರವಾಗಬೇಕೆಂದು ಕೋರುತ್ತೇನೆ.